ಗಣಕದ ಕಟ್ಟೆ: ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವ ಮುನ್ನ



ಈ ಸಲದ ಕಂತಿಗೆ ವಿಷಯ ಒದಗಿಸಿಕೊಟ್ಟವರು ಹಿಮಾಯತ್‌ನಗರದ ಸೋದರಿಯೊಬ್ಬರು. ಅಲ್ಲಿಯ ಒಂದು ಚಿಕ್ಕ ಕನ್ನಡ ಮಹಿಳಾ ಮಂಡಳಿಯ ಕಾರ್ಯದರ್ಶಿ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರಾಂಶ ಇಷ್ಟು. ಮಂಡಳಿಗೆ ಒಂದು ಜಾಲತಾಣವಿದೆ. ಸದಸ್ಯೆಯೊಬ್ಬರ ಮಗ ಇಂಜಿನಿಯರಿಂಗ್ ಓದುವಾಗ ಪುಕ್ಕಟೆಯಾಗಿ ಮಾಡಿಕೊಟ್ಟದ್ದು. ಹುಡುಗ ಈಗ ಟೊರೊಂಟೊದಲ್ಲಿ ನೌಕರಿಯಲ್ಲಿದ್ದಾನೆ. ಒಂದು ದಿನ ಜಾಲತಾಣದ ಒಳಪುಟದಲ್ಲಿ ‘ನಿಮ್ಮ ಥೀಮಿಗೆ ಹೊಸ ಆವೃತ್ತಿ ಬಂದಿದೆ’ ಎಂಬ ಸೂಚನೆ ಕಂಡಿತು. ಇವರು ಗುಂಡಿ ಒತ್ತಿದರು. ಅರ್ಧ ನಿಮಿಷದಲ್ಲಿ ಕೆಲಸ ಮುಗಿಯಿತು, ಜಾಲತಾಣವೂ ಮುಗಿಯಿತು.

‘ಮುಗಿಯಿತು’ ಎಂಬುದು ಅವರದೇ ಮಾತು. ಮೊದಲು ಕಣ್ಣಿಗೆ ಬಿದ್ದದ್ದು ತಲೆಬರಹಗಳು. ಅಕ್ಷರಗಳ ಕೆಳಗಿನ ಒತ್ತುಗಳೆಲ್ಲ ಕತ್ತರಿಸಿ ಹೋಗಿದ್ದವು. ಅಕ್ಕ, ಅಮ್ಮ, ಅಪ್ಪ ಎಲ್ಲರೂ ಕಾಲು ಕಳೆದುಕೊಂಡು ಅಕ, ಅಮ, ಅಪ ಆಗಿದ್ದರು. ಪದ್ಮಮ್ಮ ಎಂಬ ಹೆಸರು ‘ಪದಮ’ ಎಂದು ಕಾಣುತ್ತಿತ್ತು. ಹಳದಿ ಕೆಂಪು ಪಟ್ಟಿ ಮಾಯವಾಗಿ ಬೂದು ಬಣ್ಣ ಬಂದು ಕುಳಿತಿತ್ತು. ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಮೂರನೆಯದು: ‘ಸ್ಮರಣೆ’ ಎಂಬ ವಿಭಾಗವೇ ಇರಲಿಲ್ಲ. ಮಂಡಳಿಯ ದಿವಂಗತ ಸದಸ್ಯೆಯರ ಬಗ್ಗೆ ಅವರ ಮನೆಯವರು ಬರೆದುಕೊಟ್ಟ ಪುಟಗಳು ಅವು. ಒಬ್ಬ ಹಿರಿಯರು ತಮ್ಮ ಮಡದಿಯ ಪುಟವನ್ನು ಆಗಾಗ ತೆರೆದು ನೋಡುತ್ತಿದ್ದರಂತೆ. ಮೊದಲ ಫೋನು ಅವರದೇ.

ಈ ಸ್ಮರಣೆ ಪುಟಗಳನ್ನು ನಾನೂ ಆಮೇಲೆ ಓದಿದೆ. 1956ರ ನವೆಂಬರ್ 1ರಂದು ಬೀದರ್, ಗುಲ್ಬರ್ಗಾ, ರಾಯಚೂರು ಸೀಮೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಈ ಊರಿನಲ್ಲೇ ಉಳಿದುಕೊಂಡ ಮನೆತನಗಳ ಹೆಣ್ಣುಮಕ್ಕಳು ಅವರಲ್ಲಿ ಹಲವರು. ಯಾವ ಹಳ್ಳಿಯಿಂದ ಬಂದರು, ಯಾವ ಶಾಲೆಯಲ್ಲಿ ಓದಿದರು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು ಎಂಬ ಸಂಸಾರ ಹೇಗೆ ನಡೆಯಿತು ಎಂಬುದೆಲ್ಲ ಅಲ್ಲಿದೆ. ಯಾವ ಗ್ರಂಥಾಲಯದಲ್ಲಿ ಹುಡುಕಿದರೂ ಸಿಗದ ಸಂಗತಿ. ಹಾಗಾಗಿ ಇದು ಕೇವಲ ಬಣ್ಣ ಹೋದ ಕಥೆಯಲ್ಲ. ಸೋದರಿ ಕೇಳಿದ ಪ್ರಶ್ನೆಯೂ ನೇರವಾಗಿತ್ತು: ‘ಗುಂಡಿ ಒತ್ತಿದ್ದು ನನ್ನ ತಪ್ಪೇ? ಇನ್ನು ಮುಂದೆ ಒತ್ತದೇ ಇದ್ದರೆ ಸಾಕೇ?’

ಎರಡಕ್ಕೂ ಉತ್ತರ ‘ಅಲ್ಲ’. ಆವೃತ್ತಿ ನವೀಕರಿಸದೆ ಬಿಟ್ಟ ಜಾಲತಾಣ ಬೀಗ ಹಾಕದ ಮನೆಯ ಹಾಗೆ. ಹಳೆಯ ತಂತ್ರಾಂಶದ ತೂತುಗಳು ಲೋಕಕ್ಕೆಲ್ಲ ಗೊತ್ತಾದ ಮೇಲೆ ಕಳ್ಳರು ಅದನ್ನೇ ಹುಡುಕಿಕೊಂಡು ಬರುತ್ತಾರೆ. ಗುಂಡಿಯನ್ನು ಒತ್ತಲೇಬೇಕು. ಒತ್ತಿದರೂ ನಮ್ಮ ಸಾಮಾನು ಉಳಿಯುವಂತೆ ಮನೆಯನ್ನು ಜೋಡಿಸಿಕೊಳ್ಳುವುದು ಹೇಗೆ ಎಂಬುದೇ ಈ ಕಂತಿನ ವಿಷಯ.

ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ಬಲ್ಲವರು ಈ ಪ್ಯಾರಾ ದಾಟಬಹುದು. ಮಂಡಳಿಯ ಜಾಲತಾಣ ನಡೆಯುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ. ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ ಎಂಬಿಬ್ಬರು ಬಿ2 ಎಂಬ ಹಳೆಯ ತಂತ್ರಾಂಶವನ್ನು ಮುಂದುವರಿಸಿ 2003ರ ಮೇ 27ರಂದು ಹೊರತಂದದ್ದು. ಉಚಿತ, ಮುಕ್ತ. ಸಂಘ ಸಂಸ್ಥೆಗಳವರು ಇದನ್ನು ಹಿಡಿದುಕೊಂಡಿರುವುದು ಆ ಕಾರಣಕ್ಕೇ. ಇದರಲ್ಲಿ ಬರಹಗಳು ಒಂದು ಕಡೆ, ಅಂದರೆ ದತ್ತಾಂಶಕೋಶದಲ್ಲಿ, ಇರುತ್ತವೆ. ಅವುಗಳಿಗೆ ತೊಡಿಸುವ ವೇಷ ಬೇರೊಂದು ಕಡೆ ಇರುತ್ತದೆ. ಆ ವೇಷಕ್ಕೆ ಥೀಮು ಎಂದು ಹೆಸರು. ಥೀಮು ಎಂದರೆ ಒಂದು ಫೋಲ್ಡರು, ಅದರೊಳಗೆ ಹತ್ತಾರು ಕಡತಗಳು. ಯಾರೋ ಪರವೂರಿನವರು ಬರೆದು ಕೊಟ್ಟದ್ದು.

ಥೀಮನ್ನು ನವೀಕರಿಸುವಾಗ ಆಗುವುದೇನೆಂದರೆ, ಹಳೆಯ ಫೋಲ್ಡರನ್ನು ಪೂರ್ತಿ ತೆಗೆದುಹಾಕಿ ಅದೇ ಹೆಸರಿನ ಹೊಸ ಫೋಲ್ಡರನ್ನು ಅಲ್ಲಿ ಇಡಲಾಗುತ್ತದೆ. ನೀವು ಆ ಕಡತಗಳೊಳಗೆ ಎರಡು ಸಾಲು ಸೇರಿಸಿದ್ದಿರೋ ಇನ್ನೂರು ಸೇರಿಸಿದ್ದಿರೋ ಅದು ನೋಡುವುದಿಲ್ಲ. ಹಿಮಾಯತ್‌ನಗರದಲ್ಲಿ ಬಾಡಿಗೆಗಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆ ಮಾಲೀಕರು ಸುಣ್ಣ ಬಣ್ಣ ಹೊಡೆಸುತ್ತಾರೆ. ನೀವು ಗೋಡೆಯ ಮೇಲೆ ಮಗುವಿನ ಎತ್ತರ ಅಳೆದು ವರ್ಷವರ್ಷ ಹಾಕಿದ ಗೆರೆಗಳು ಬಣ್ಣದಡಿ ಹೋಗುತ್ತವೆ. ಬಣ್ಣದವನ ಮೇಲೆ ಕೋಪ ಮಾಡಿ ಉಪಯೋಗವಿಲ್ಲ. ಗೆರೆ ಹಾಕುವುದಕ್ಕೆ ನಮ್ಮದೇ ಒಂದು ಹಲಗೆ ಇರಬೇಕಿತ್ತು.

ಆ ಹಲಗೆಯ ಹೆಸರು ಚೈಲ್ಡ್ ಥೀಮು. ನಾನು ಮರಿ ಥೀಮು ಎನ್ನುತ್ತೇನೆ. ಇದು ತಾಯಿ ಥೀಮಿನ ಪಕ್ಕದಲ್ಲೇ ಕೂರುವ ಇನ್ನೊಂದು ಚಿಕ್ಕ ಫೋಲ್ಡರು. ಅದರೊಳಗೆ ‘ಸ್ಟೈಲ್.ಸಿಎಸ್‌ಎಸ್’ ಎಂಬ ಒಂದು ಕಡತ, ಅದರ ನೆತ್ತಿಯಲ್ಲಿ ‘ಟೆಂಪ್ಲೇಟ್’ ಎಂದು ಬರೆದು ತಾಯಿಯ ಫೋಲ್ಡರಿನ ಹೆಸರು: ಇಷ್ಟಿದ್ದರೆ ಮರಿ ಹುಟ್ಟಿತು. (ಕಡತದ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಗಣಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.) ತಾಯಿಯ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ‘ತಾಯಿ ಕಾಣುತ್ತಿಲ್ಲ’ ಎಂದು ಹಟ ಹಿಡಿಯುತ್ತದೆ. ಮರಿಯನ್ನು ಚಾಲ್ತಿಗೆ ತಂದಮೇಲೆ ವರ್ಡ್‌ಪ್ರೆಸ್ ಪ್ರತಿಯೊಂದು ಪುಟಭಾಗಕ್ಕೂ ಮೊದಲು ಮರಿಯ ಫೋಲ್ಡರನ್ನು ನೋಡುತ್ತದೆ. ಅಲ್ಲಿಲ್ಲದಿದ್ದರೆ ತಾಯಿಯದನ್ನು ಬಳಸುತ್ತದೆ. ತಾಯಿಗೆ ಎಷ್ಟು ಸಲ ಸುಣ್ಣ ಹೊಡೆದರೂ ಮರಿಯನ್ನು ಯಾರೂ ಮುಟ್ಟುವುದಿಲ್ಲ.

ಇಷ್ಟನ್ನು ಯಾವ ಪುಸ್ತಕದಲ್ಲಿ ಬೇಕಾದರೂ ಓದಬಹುದು. ಪುಸ್ತಕದಲ್ಲಿ ಅಷ್ಟಾಗಿ ಹೇಳದ ತೊಂದರೆ ಇನ್ನೊಂದಿದೆ: ಮರಿ ಥೀಮು ಮಾಡಿಕೊಂಡವರೂ ಎರಡು ವರ್ಷದಲ್ಲಿ ಅದನ್ನು ಅಟ್ಟದ ಮೇಲಿನ ಪೆಟ್ಟಿಗೆಯಂತೆ ಮಾಡಿಬಿಡುತ್ತಾರೆ. ಏನಿದೆ, ಏಕಿದೆ, ತೆಗೆದರೆ ಏನಾಗುತ್ತದೆ ಎಂದು ಯಾರಿಗೂ ತಿಳಿಯದು. ಸಂಘಗಳಲ್ಲಂತೂ ಕಾರ್ಯಕಾರಿ ಸಮಿತಿ ಬದಲಾದಾಗಲೆಲ್ಲ ಕೀಲಿಕೈ ಕೈಬದಲಾಗುತ್ತದೆ.

ನಾನು ಒಂದು ಭಾನುವಾರ ಮಂಡಳಿಯವರಲ್ಲಿಗೆ ಹೋದೆ. ನಂಬರಿನ ಬೀದಿಗಳಲ್ಲಿ ಒಂದರೊಳಗೆ, ಅಪಾರ್ಟ್‌ಮೆಂಟುಗಳ ನಡುವೆ ಇನ್ನೂ ಉಳಿದಿರುವ ಒಂದು ಹಳೆಯ ಮನೆ. ಸರ್ವರ್ ಕಂಪನಿಯವರಲ್ಲಿ ಹಿಂದಿನ ವಾರದ ಬ್ಯಾಕಪ್ ಸಿಕ್ಕಿತು, ಪುಣ್ಯ. ಹುಡುಗನಿಗೆ ಫೋನು ಹಚ್ಚಿದೆವು. ಪಾಪ, ಅಲ್ಲಿ ನಡುರಾತ್ರಿ. ‘ಅಂಕಲ್, ಆಗ ರಾಜ್ಯೋತ್ಸವಕ್ಕೆ ಮೂರೇ ದಿವಸ ಇತ್ತು. ಆಂಟಿಯವರು ದಿನಾ ಫೋನ್ ಮಾಡ್ತಿದ್ರು. ಎಲ್ಲಿ ಬಾಗಿಲು ತೆಗೆದಿತ್ತೋ ಅಲ್ಲಿ ಸಾಮಾನು ಇಟ್ಟೆ’ ಎಂದ. ಇದಕ್ಕಿಂತ ಸರಿಯಾದ ವರದಿ ಇರಲಾರದು. ಅವನು ತೆರೆದುಕೊಂಡಿದ್ದ ಬಾಗಿಲುಗಳು ಐದು: ತಾಯಿ ಥೀಮಿನ ಸ್ಟೈಲ್ ಕಡತ, ಅದರ ‘ಫಂಕ್ಷನ್ಸ್.ಪಿಎಚ್‌ಪಿ’, ವರ್ಡ್‌ಪ್ರೆಸ್ಸಿನ ‘ಅಡಿಷನಲ್ ಸಿಎಸ್‌ಎಸ್’ ಎಂಬ ಪೆಟ್ಟಿಗೆ, ಒಂದೊಂದು ಪುಟದ ಬರಹದ ನಡುವೆಯೇ ತುರುಕಿದ ಬಣ್ಣದ ಸೂಚನೆಗಳು, ಮತ್ತು ತುಣುಕು ಸಂಕೇತ ಹಾಕಲೆಂದೇ ಇರುವ ಒಂದು ಪ್ಲಗಿನ್. ಮೊದಲೆರಡು ಬಾಗಿಲಿನದು ಮಾತ್ರ ಅಳಿಸಿಹೋಗಿತ್ತು. ಉಳಿದ ಮೂರರದು ಇತ್ತು, ಆದರೆ ಜೊತೆಗಾರರಿಲ್ಲದೆ ಅರ್ಥ ಕಳೆದುಕೊಂಡಿತ್ತು.

ಅವನು ಏನೇನು ಬದಲಿಸಿದ್ದ ಎಂದು ನೆನಪಿನಿಂದ ಹೇಳಲು ಅವನಿಗೂ ಸಾಧ್ಯವಾಗಲಿಲ್ಲ. ಅದಕ್ಕೊಂದು ಉಪಾಯವಿದೆ, ತಿಳಿದಿರಲಿ. ಬ್ಯಾಕಪ್ಪಿನಲ್ಲಿದ್ದ ಥೀಮಿನ ಆವೃತ್ತಿ ಸಂಖ್ಯೆ ನೋಡಿ, ಅದೇ ಸಂಖ್ಯೆಯ ಅಸಲು ಪ್ರತಿಯನ್ನು ಇಳಿಸಿಕೊಂಡೆವು. ಎರಡು ಫೋಲ್ಡರುಗಳನ್ನು ವಿನ್‌ಮರ್ಜ್ ಎಂಬ ಉಚಿತ ತಂತ್ರಾಂಶದಲ್ಲಿ ಅಕ್ಕಪಕ್ಕ ಇಟ್ಟರೆ ಎಲ್ಲೆಲ್ಲಿ ಭೇದವಿದೆಯೋ ಅಲ್ಲೆಲ್ಲ ಬಣ್ಣ ಹಚ್ಚಿ ತೋರಿಸುತ್ತದೆ. ಕರಡು ತಿದ್ದುವವರು ಹಸ್ತಪ್ರತಿಯನ್ನೂ ಪ್ರೂಫನ್ನೂ ಹೋಲಿಸುತ್ತಾರಲ್ಲ, ಅದೇ ಕೆಲಸ. ಒಂದು ಗಂಟೆಯಲ್ಲಿ ಎಲ್ಲ ಬದಲಾವಣೆಗಳೂ ಒಂದು ಕಾಗದದ ಮೇಲೆ ಬಂದವು.

ಪಟ್ಟಿಯ ಪ್ರತಿಯೊಂದು ಸಾಲಿನ ಮುಂದೆಯೂ ಒಂದೇ ಪ್ರಶ್ನೆ ಕೇಳಿದೆ: ‘ನಾಳೆ ಈ ಥೀಮೇ ಬೇಡವೆಂದು ಬೇರೊಂದನ್ನು ಹಾಕಿಕೊಂಡರೆ, ಇದು ಇರಬೇಕೇ, ಹೋಗಬೇಕೇ?’ ಕಾರ್ಯದರ್ಶಿಗಳಿಗೆ ಸಿಎಸ್‌ಎಸ್ ಗೊತ್ತಿಲ್ಲ. ಆದರೆ ಈ ಪ್ರಶ್ನೆಗೆ ಅವರಷ್ಟು ಚೆನ್ನಾಗಿ ಉತ್ತರಿಸಲು ನನ್ನಿಂದ ಆಗುತ್ತಿರಲಿಲ್ಲ. ಪಟ್ಟಿಯ ಬಣ್ಣ? ಹೋಗಲಿ. ತಲೆಬರಹದ ಅಳತೆ? ಹೊಸ ವೇಷಕ್ಕೆ ಹೊಸ ಅಳತೆ. ಸ್ಮರಣೆ ವಿಭಾಗ? ‘ಅಯ್ಯೋ, ಅದು ಹೇಗೆ ಹೋಗುತ್ತೆ ಸಾರ್, ಅದು ಮಂಡಳೀದು!’

ಇಲ್ಲಿಯೇ ಗುಟ್ಟು. ‘ಹೋಗಲಿ’ ಎಂದವೆಲ್ಲ ವೇಷಕ್ಕೆ ಸೇರಿದವು, ಮರಿ ಥೀಮಿಗೆ ಹೋಗಬೇಕು. ‘ಇರಲೇಬೇಕು’ ಎಂದವು ಥೀಮಿನಲ್ಲಿ, ಮರಿಯಲ್ಲಿ ಕೂಡ, ಇರಬಾರದು. ಅವು ಮಂಡಳಿಯದೇ ಆದ ಒಂದು ಪುಟ್ಟ ಪ್ಲಗಿನ್ನಿಗೆ ಹೋಗಬೇಕು. ಹುಡುಗ ‘ಸ್ಮರಣೆ’ ಎಂಬ ಬರಹದ ಜಾತಿಯನ್ನು ತಾಯಿ ಥೀಮಿನ ಫಂಕ್ಷನ್ಸ್ ಕಡತದಲ್ಲಿ ನೋಂದಾಯಿಸಿದ್ದ. ಆ ನೋಂದಣಿ ಅಳಿಸಿದ್ದರಿಂದ ವರ್ಡ್‌ಪ್ರೆಸ್ಸಿಗೆ ಅಂಥ ಬರಹವೊಂದಿದೆ ಎಂಬುದೇ ಮರೆತುಹೋಯಿತು. ಬರಹಗಳು ಮಾತ್ರ ದತ್ತಾಂಶಕೋಶದಲ್ಲಿ ಅಕ್ಷರವೂ ಅಳಿಯದೆ ಇದ್ದವು. ನೋಂದಣಿಯ ಸಾಲುಗಳನ್ನು ಹೊಸ ಪ್ಲಗಿನ್ನಿನಲ್ಲಿ ಹಾಕಿ, ‘ಪರ್ಮಾಲಿಂಕ್ಸ್’ ಪುಟವನ್ನು ಒಮ್ಮೆ ಉಳಿಸಿದ ಕೂಡಲೇ ಎಲ್ಲ ಪುಟಗಳೂ ಹಳೆಯ ವಿಳಾಸದಲ್ಲೇ ತೆರೆದುಕೊಂಡವು. ಕೋಣೆಯಲ್ಲಿದ್ದ ಹಿರಿಯ ಹೆಂಗಸರು ಒಬ್ಬೊಬ್ಬರ ಹೆಸರೂ ಓದಿ ಓದಿ ನೋಡಿದರು. ನಾನು ಚಹಾ ಕುಡಿದೆ.

ಅದೇ ಪ್ಲಗಿನ್ನಿಗೆ ಇನ್ನೊಂದೂ ಹೋಯಿತು. ಕನ್ನಡದಲ್ಲಿ ತಲೆಬರಹ ಕೊಟ್ಟರೆ ವರ್ಡ್‌ಪ್ರೆಸ್ ಅದರಿಂದಲೇ ಪುಟದ ವಿಳಾಸ ಮಾಡುತ್ತದೆ. ವಿಳಾಸದಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ ಸಂಕೇತವಾಗಿ 9 ಸ್ಥಾನ ತಿನ್ನುತ್ತದೆ. ಇಟ್ಟಿರುವ ಜಾಗ 200 ಸ್ಥಾನ. ಅಂದರೆ 22 ಚಿಹ್ನೆಗಳಾದ ಮೇಲೆ ಕತ್ತರಿ. ‘ಮ್ಮ’ ಎಂಬ ಒಂದಕ್ಷರವೇ ಮ, ವಿರಾಮ, ಮ ಎಂದು 3 ಚಿಹ್ನೆ ಎಂಬುದನ್ನು ನೆನಪಿಟ್ಟರೆ ನಮ್ಮ ಉದ್ದುದ್ದ ತಲೆಬರಹಗಳ ಗತಿ ಏನೆಂದು ಊಹಿಸಬಹುದು. ಹುಡುಗ ಜಾಣ, ಇದಕ್ಕೆ ಚುಟುಕು ವಿಳಾಸ ಮಾಡುವ ಉಪಾಯ ಬರೆದಿದ್ದ. ಅದನ್ನು ಥೀಮಿನಲ್ಲಿ ಬರೆದಿದ್ದರಿಂದ ಥೀಮಿನ ಜೊತೆ ಅದೂ ಹೋಗಿತ್ತು.

ಇನ್ನು ಮರಿಯೊಳಗಿನ ಜೋಡಣೆ. ನಮ್ಮ ಹೆಂಗಸರು ಅಡುಗೆಮನೆಯಲ್ಲಿ ಡಬ್ಬಿ ಜೋಡಿಸುವ ರೀತಿಯನ್ನೇ ಇಲ್ಲೂ ಇಟ್ಟುಕೊಂಡೆವು. ಕತ್ತಲೆಯಲ್ಲಿ ಕೈ ಹಾಕಿದರೂ ಸಾಸಿವೆ ಡಬ್ಬಿ ಸಿಗಬೇಕು. ನೆತ್ತಿಯ ಸ್ಟೈಲ್ ಕಡತದಲ್ಲಿ ಹೆಸರು, ಆವೃತ್ತಿ, ತಾಯಿಯ ಹೆಸರು ಬಿಟ್ಟರೆ ಬೇರೇನೂ ಇಲ್ಲ. ಒಳಗೆ ಬೇರೆ ಬೇರೆ ಚಿಕ್ಕ ಕಡತಗಳು: ಅಕ್ಷರಗಳಿಗೆ ಒಂದು, ಬಣ್ಣಗಳಿಗೆ ಒಂದು, ಮುಖಪುಟಕ್ಕೆ ಒಂದು, ಸ್ಮರಣೆ ಪುಟಗಳಿಗೆ ಒಂದು, ಮುದ್ರಣಕ್ಕೆ ಒಂದು. ಮುದ್ರಣಕ್ಕೇಕೆ ಎಂದರೆ, ನಮ್ಮ ಹಿರಿಯರು ಪುಟವನ್ನು ಕಾಗದದ ಮೇಲೆ ತೆಗೆಸಿ ಓದುವವರು. ಮೆನು, ಪಟ್ಟಿ ಎಲ್ಲ ಅಚ್ಚಾಗಿ ಶಾಯಿ ವ್ಯರ್ಥವಾಗಬಾರದು. ರಾಜ್ಯೋತ್ಸವದ ಅಲಂಕಾರಕ್ಕೆ ಪ್ರತ್ಯೇಕ ಕಡತ, ಮೇಲ್ಗಡೆಯೇ ‘ನವೆಂಬರ್ ಮುಗಿದ ಮೇಲೆ ತೆಗೆಯಿರಿ’ ಎಂಬ ಟಿಪ್ಪಣಿ. ತೆಗೆಯುತ್ತಾರೋ ಇಲ್ಲವೋ ನೋಡಬೇಕು; ಮಂಡಳಿಯ ಗೇಟಿಗೆ ಕಟ್ಟಿದ ತೋರಣ ಸಂಕ್ರಾಂತಿಯವರೆಗೂ ಇರುತ್ತದೆಂದು ಅವರೇ ನಕ್ಕರು.

ಮರಿಯ ಫಂಕ್ಷನ್ಸ್ ಕಡತ ಪರಿವಿಡಿಯಂತೆ ಇರಬೇಕು. ಯಾವ ಯಾವ ಕಡತಗಳನ್ನು ಕರೆಯಬೇಕು ಎಂಬ ಕೆಲವೇ ಸಾಲುಗಳು. ನಿಜವಾದ ಕೆಲಸ ‘ಇಂಕ್’ ಎಂಬ ಒಳಫೋಲ್ಡರಿನ ಕಡತಗಳಲ್ಲಿ. ಒಂದು ಸೂಕ್ಷ್ಮವನ್ನು ಇಲ್ಲಿ ಬಿಡುವಂತಿಲ್ಲ. ಉಳಿದ ಕಡತಗಳಲ್ಲಿ ಮರಿಯದು ಇದ್ದರೆ ತಾಯಿಯದು ಬೇಡ. ಫಂಕ್ಷನ್ಸ್ ಕಡತ ಮಾತ್ರ ಹಾಗಲ್ಲ: ಮೊದಲು ಮರಿಯದು, ಆಮೇಲೆ ತಾಯಿಯದು, ಎರಡೂ ಓಡುತ್ತವೆ. ತಾಯಿಯ ಕಡತವನ್ನು ಪೂರ್ತಿ ನಕಲು ಮಾಡಿ ಮರಿಯಲ್ಲಿ ಇಟ್ಟರೆ ಒಂದೇ ಹೆಸರಿನ ಫಂಕ್ಷನ್ ಎರಡು ಸಲ ಬಂದು ಜಾಲತಾಣ ಕುಸಿದು ಬೀಳುತ್ತದೆ. ಆದ್ದರಿಂದ ಮರಿಯ ಫಂಕ್ಷನ್ನುಗಳಿಗೆಲ್ಲ ಮಂಡಳಿಯ ಹೆಸರಿನ ಮೊದಲಕ್ಷರಗಳನ್ನು ಮುಂದೆ ಸೇರಿಸಿದೆವು, ಇನಿಷಿಯಲ್ ಇದ್ದ ಹಾಗೆ.

ಹಾಗೆಯೇ ದಾರಿ ಕೇಳುವ ಎರಡು ಸಂಕೇತಗಳಿವೆ. ‘ಗೆಟ್ ಟೆಂಪ್ಲೇಟ್ ಡೈರೆಕ್ಟರಿ’ ಎಂದರೆ ಯಾವಾಗಲೂ ತಾಯಿಯ ಮನೆಗೆ ಕರೆದೊಯ್ಯುತ್ತದೆ. ‘ಗೆಟ್ ಸ್ಟೈಲ್‌ಶೀಟ್ ಡೈರೆಕ್ಟರಿ’ ಎಂದರೆ ಮರಿಯ ಮನೆಗೆ. ಹೆಸರು ನೋಡಿ ಯಾರೂ ಊಹಿಸಲಾರರು. ಮರಿಯಲ್ಲಿ ಚಿತ್ರವಿಟ್ಟು ‘ಕಾಣುತ್ತಿಲ್ಲ’ ಎನ್ನುವವರಲ್ಲಿ ಬಹಳ ಮಂದಿ ಸಿಕ್ಕಿಬೀಳುವುದು ಇಲ್ಲಿ.

ಸಿಎಸ್‌ಎಸ್‌ನಲ್ಲಿ ಎರಡು ಸೂಚನೆಗಳ ತೂಕ ಒಂದೇ ಆಗಿದ್ದರೆ ಕೊನೆಗೆ ಬಂದವನ ಮಾತೇ ನಡೆಯುತ್ತದೆ. ಆದ್ದರಿಂದ ತಾಯಿಯ ಸ್ಟೈಲು ಮೊದಲು, ಮರಿಯದು ಅನಂತರ ಬರುವಂತೆ ಸಾಲಿನಲ್ಲಿ ನಿಲ್ಲಿಸಬೇಕು. ಹುಡುಗ ಇದನ್ನು ಮಾಡಿರಲಿಲ್ಲ. ಬದಲಿಗೆ ಸಿಕ್ಕಸಿಕ್ಕಲ್ಲಿ ‘ಇಂಪಾರ್ಟೆಂಟ್’ ಎಂಬ ಮುದ್ರೆ ಒತ್ತಿದ್ದ. ಸರ್ವಸದಸ್ಯರ ಸಭೆಯಲ್ಲಿ ಒಬ್ಬರು ಕೂಗಿದರೆ ಕೇಳುತ್ತದೆ, ಎಲ್ಲರೂ ಕೂಗಿದರೆ? ಸರದಿ ಸರಿಪಡಿಸಿದ ಮೇಲೆ ಆ ಮುದ್ರೆಗಳಲ್ಲಿ ಬಹುಪಾಲನ್ನು ತೆಗೆದೆವು, ಏನೂ ಕೆಡಲಿಲ್ಲ. ಇನ್ನು ‘ನೀವು ಸರಿಮಾಡಿದ್ದು ನನ್ನ ಫೋನಿನಲ್ಲಿ ಕಾಣಲೇ ಇಲ್ಲ’ ಎಂಬ ದೂರು. ಅದು ಬ್ರೌಸರು ಹಳೆಯ ಕಡತವನ್ನೇ ನೆನಪಿಟ್ಟುಕೊಂಡಿರುವುದರಿಂದ. ಸ್ಟೈಲನ್ನು ಕರೆಯುವಾಗ ಕಡತ ತಿದ್ದಿದ ಸಮಯವನ್ನೇ ಆವೃತ್ತಿ ಸಂಖ್ಯೆಯಾಗಿ ಕೊಟ್ಟರೆ ತಿದ್ದಿದಾಗಲೆಲ್ಲ ಸಂಖ್ಯೆ ಬದಲಾಗಿ ಹೊಸದು ಇಳಿಯುತ್ತದೆ.

ಈಗ ನಮಗೆ ಮುಖ್ಯವಾದ ಅಕ್ಷರಗಳ ಕಡತ. ಪರದೇಶದಲ್ಲಿ ಥೀಮು ಬರೆಯುವವರ ಕಣ್ಣ ಮುಂದೆ ಇರುವುದು ಇಂಗ್ಲಿಷ್ ಅಕ್ಷರ. ಅದಕ್ಕೆ ಒತ್ತಿಲ್ಲ, ಗುಡಿಸಿಲ್ಲ, ಕೊಂಬಿಲ್ಲ. ತಲೆಬರಹದ ಸಾಲಿನ ಎತ್ತರವನ್ನು ಅಕ್ಷರದಷ್ಟೇ ಇಟ್ಟು, ಮಿಕ್ಕದ್ದನ್ನು ಮರೆಮಾಡು ಎಂದು ಬರೆದರೆ ಅವರಿಗೆ ಚೆಂದವೇ ಕಾಣುತ್ತದೆ. ನಮ್ಮ ಪದ್ಮಮ್ಮನವರ ಕಾಲು ಹೋಗುತ್ತದೆ. ತಲೆಬರಹಕ್ಕೆ ಸಾಲಿನ ಎತ್ತರ 1.4, ಬರಹಕ್ಕೆ 1.7ರ ಸುಮಾರು ಇಟ್ಟೆವು, ಮರೆಮಾಡುವ ಸೂಚನೆಯನ್ನು ತೆಗೆದೆವು. ಅಕ್ಷರಗಳ ನಡುವಿನ ಅಂತರ ಹೆಚ್ಚಿಸುವ ಅಲಂಕಾರ ಕನ್ನಡಕ್ಕೆ ಹೊಂದುವುದಿಲ್ಲ, ಹಲ್ಲು ಬಿದ್ದಂತೆ ಕಾಣುತ್ತದೆ. ಅದನ್ನು ಸೊನ್ನೆ ಮಾಡಿದೆವು.

ಹೈದರಾಬಾದಿನ ನಮ್ಮ ಜಾಲತಾಣಗಳಿಗೆ ಇನ್ನೊಂದು ವಿಶೇಷವಿದೆ. ಮೊಮ್ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬಾರದು. ಶಾಲೆಯಲ್ಲಿ ಕಲಿತದ್ದು ತೆಲುಗು, ಇಂಗ್ಲಿಷ್. ಹಾಗಾಗಿ ಮಂಡಳಿಯ ಪುಟಗಳಲ್ಲಿ ಮೂರು ಲಿಪಿಗಳು. ಕನ್ನಡ, ತೆಲುಗು ಲಿಪಿಗಳು ಅಕ್ಕತಂಗಿಯರಾದರೂ ಗಣಕದ ಪಾಲಿಗೆ ಬೇರೆ ಬೇರೆ ಮನೆಯವರು. ಯೂನಿಕೋಡಿನಲ್ಲಿ ಪ್ರತ್ಯೇಕ ಓಣಿಗಳಲ್ಲಿ ಇರುವವರು. ಪ್ರತಿ ಭಾಗಕ್ಕೂ ಇದು ಯಾವ ಭಾಷೆ ಎಂದು ಗುರುತು ಹಾಕಿ, ಆ ಗುರುತಿಗೆ ತಕ್ಕಂತೆ ಫಾಂಟನ್ನೂ ಸಾಲಿನ ಎತ್ತರವನ್ನೂ ಕೊಟ್ಟೆವು: ಕನ್ನಡಕ್ಕೆ ನೋಟೊ ಸೆರಿಫ್ ಕನ್ನಡ, ತೆಲುಗಿಗೆ ನೋಟೊ ಸೆರಿಫ್ ತೆಲುಗು, ಎರಡೂ ಉಚಿತ. ಫಾಂಟಿನ ಜೊತೆ ಅದು ಯಾವ ಅಕ್ಷರಗಳ ವ್ಯಾಪ್ತಿಗೆ ಎಂದು ಬರೆದಿಟ್ಟರೆ, ಪುಟದಲ್ಲಿ ತೆಲುಗು ಇಲ್ಲದಾಗ ತೆಲುಗು ಫಾಂಟು ಇಳಿಯುವುದೇ ಇಲ್ಲ. ಫೋನಿನ ಡೇಟಾ ಉಳಿಯುತ್ತದೆ. ಹಳೆಯ ನುಡಿ, ಬರಹದ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪು ಮಾಡಿದ ಕೆಲವು ಲೇಖನಗಳೂ ಇದ್ದವು. ಅವಕ್ಕೆ ಥೀಮಿನಲ್ಲಿ ಮದ್ದಿಲ್ಲ. ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದು, ಕರಡು ತಿದ್ದಬೇಕು.

ಪುಟಭಾಗಗಳ ಕಡತಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಲವರು ತಾಯಿಯ ಎಲ್ಲ ಕಡತಗಳನ್ನೂ ಮರಿಗೆ ನಕಲು ಮಾಡಿಬಿಡುತ್ತಾರೆ, ‘ಎಲ್ಲಾ ಕೈಯಳತೆಯಲ್ಲಿ ಇರಲಿ’ ಎಂದು. ಆಗ ತಾಯಿಗೆ ಬಂದ ಯಾವ ತಿದ್ದುಪಡಿಯೂ ಜಾಲತಾಣಕ್ಕೆ ತಲುಪುವುದಿಲ್ಲ; ಭದ್ರತೆಯ ತಿದ್ದುಪಡಿ ಕೂಡ. ನಾವು ನಕಲು ಮಾಡಿದ್ದು ಎರಡೇ, ಅಡಿಪಟ್ಟಿಯದು ಮತ್ತು ಸ್ಮರಣೆ ಪುಟದ್ದು. ತಾಯಿಯ ಯಾವ ಆವೃತ್ತಿಯಿಂದ ನಕಲು ಮಾಡಿದ್ದು ಎಂದು ಪ್ರತಿಯೊಂದರ ನೆತ್ತಿಯಲ್ಲೂ ಬರೆದೆವು. ಮುಂದೆ ತಾಯಿಗೆ ದೊಡ್ಡ ನವೀಕರಣ ಬಂದಾಗ ಆ ಎರಡನ್ನು ಹೋಲಿಸಿ ನೋಡಿದರೆ ಸಾಕು. ಒಂದು ಸಾಲು ಸೇರಿಸುವುದಕ್ಕಾದರೆ ನಕಲೇ ಬೇಡ, ಥೀಮಿನವರು ಬಿಟ್ಟಿರುವ ‘ಹುಕ್’ ಎಂಬ ಕೊಕ್ಕೆಗೆ ತೂಗುಹಾಕಬಹುದು.

ಮರಿಯನ್ನು ಚಾಲ್ತಿ ಮಾಡಿದ ಸಂಜೆ ಕಾರ್ಯದರ್ಶಿಗಳ ಫೋನು ಬಂತು. ‘ಸಾರ್, ಮತ್ತೆ ಎಲ್ಲಾ ಹೋಯ್ತು! ಲೋಗೋನೂ ಇಲ್ಲ!’

‘ಗಾಬರಿಯಾಗಬೇಡಿ ತಾಯಿ, ಎಲ್ಲೂ ಹೋಗಿಲ್ಲ’ ಎಂದೆ. ಲೋಗೋ, ಕೆಲವು ಬಣ್ಣಗಳ ಆಯ್ಕೆ, ಅಡಿಷನಲ್ ಸಿಎಸ್‌ಎಸ್ ಪೆಟ್ಟಿಗೆಯಲ್ಲಿ ಬರೆದದ್ದು ಇವನ್ನೆಲ್ಲ ವರ್ಡ್‌ಪ್ರೆಸ್ ಒಂದೊಂದು ಥೀಮಿನ ಹೆಸರಿಗೆ ಬೇರೆ ಬೇರೆಯಾಗಿ ಬರೆದಿಡುತ್ತದೆ. ಹಳೆಯವು ತಾಯಿಯ ಹೆಸರಿನಲ್ಲಿ ಕ್ಷೇಮವಾಗಿವೆ. ಮರಿಗೆ ಇನ್ನೊಮ್ಮೆ ಇಡಬೇಕು. ಹಿಂದಿನ ದಿನವೇ ಪರದೆಯ ಚಿತ್ರ ತೆಗೆದಿಟ್ಟುಕೊಂಡಿದ್ದೆವಾದ್ದರಿಂದ ಹತ್ತು ನಿಮಿಷದ ಕೆಲಸವಾಯಿತು. ಅಂದಹಾಗೆ ಈ ಅಡಿಷನಲ್ ಸಿಎಸ್‌ಎಸ್ ಪೆಟ್ಟಿಗೆ 2016ರ ಡಿಸೆಂಬರಿನ 4.7 ಆವೃತ್ತಿಯಲ್ಲಿ ಬಂದದ್ದು. ನವೀಕರಣದಲ್ಲಿ ಅಳಿಯುವುದಿಲ್ಲ. ಹತ್ತು ಸಾಲಿನ ಬದಲಾವಣೆ ಇರುವವರಿಗೆ ಅದೇ ಸಾಕು, ಮರಿ ಥೀಮಿನ ಸಂಸಾರ ಬೇಡ ಎಂಬುದು ನನ್ನ ಅಭಿಪ್ರಾಯ. ನಾನೂರು ಸಾಲಾದಾಗ ಕಷ್ಟ.

2022ರ ಜನವರಿಯ 5.9 ಆವೃತ್ತಿಯಿಂದ ಈಚೆಗೆ ‘ಬ್ಲಾಕ್ ಥೀಮು’ಗಳು ಬಂದಿವೆ. ಅವುಗಳಲ್ಲಿ ಬಣ್ಣ, ಫಾಂಟು, ಅಂತರಗಳೆಲ್ಲ ‘ಥೀಮ್.ಜೆಸನ್’ ಎಂಬ ಒಂದೇ ಕಡತದಲ್ಲಿ. ಮರಿಗೂ ತನ್ನದೊಂದು ಇಟ್ಟುಕೊಂಡರೆ ತಾಯಿಯದರ ಮೇಲೆ ಬೆರೆತುಕೊಳ್ಳುತ್ತದೆ. ಪರದೆಯ ಮೇಲೆಯೇ ಎಳೆದು ಕೂರಿಸಿ ಮಾಡುವ ಬದಲಾವಣೆಗಳು ಮಾತ್ರ ಕಡತಕ್ಕೆ ಹೋಗದೆ ದತ್ತಾಂಶಕೋಶದಲ್ಲಿ ಕೂರುತ್ತವೆ ಮತ್ತು ಕಡತದ ಮಾತನ್ನು ಮೀರುತ್ತವೆ. ಕಡತ ತಿದ್ದಿದರೂ ಏನೂ ಬದಲಾಗುತ್ತಿಲ್ಲ ಎನ್ನುವವರು ಅಲ್ಲಿ ನೋಡಿ. ಮಂಡಳಿಯದು ಹಳೆಯ ಬಗೆಯ ಥೀಮು, ಆ ತಂಟೆ ಇರಲಿಲ್ಲ.

ಕೊನೆಗೆ ರಿಜಿಸ್ಟರು. ಪಾತ್ರೆ, ಜಮಖಾನ, ಮೈಕು ಎಲ್ಲಕ್ಕೂ ಸ್ಟಾಕ್ ರಿಜಿಸ್ಟರ್ ಇಡುವ ಮಂಡಳಿ ಜಾಲತಾಣಕ್ಕೆ ಇಟ್ಟಿರಲಿಲ್ಲ. ಮರಿಯ ಫೋಲ್ಡರಿನಲ್ಲೇ ‘ರೀಡ್‌ಮಿ’ ಎಂಬ ಕಡತ ಮಾಡಿ ಕನ್ನಡದಲ್ಲೇ ಬರೆದೆವು: ದಿನಾಂಕ, ಮಾಡಿದವರು, ಏಕೆ. ‘ಏನು’ ಎಂಬುದು ಸಂಕೇತ ನೋಡಿದರೆ ತಿಳಿಯುತ್ತದೆ, ‘ಏಕೆ’ ಎಂಬುದು ಬರೆದವನ ಜೊತೆ ವಿಮಾನ ಹತ್ತಿಬಿಡುತ್ತದೆ. ‘ಸಾಲಿನ ಎತ್ತರ 1.4’ ಎಂದು ಬರೆದರೆ ಮುಂದೆ ಯಾರೋ ಉತ್ಸಾಹಿ ತರುಣ ‘ಇಷ್ಟೇಕೆ ಜಾಗ’ ಎಂದು 1 ಮಾಡುತ್ತಾನೆ; ‘ಒತ್ತಕ್ಷರ ಕತ್ತರಿಸುತ್ತಿತ್ತು, ಮುಟ್ಟಬೇಡಿ’ ಎಂದು ಬರೆದರೆ ಕೈ ಹಿಂದೆ ತೆಗೆಯುತ್ತಾನೆ. ಇದರ ಪ್ರತಿಯೊಂದನ್ನು ಅಚ್ಚು ಮಾಡಿ ಮಿನಿಟ್ಸ್ ಪುಸ್ತಕಕ್ಕೆ ಅಂಟಿಸಿದ್ದಾರೆ. ಡೊಮೈನ್ ಹೆಸರೂ ಸರ್ವರಿನ ಖಾತೆಯೂ ಹುಡುಗನ ಸ್ವಂತ ಇಮೇಲಿನಲ್ಲಿದ್ದವು. ಅವನ್ನೂ ಮಂಡಳಿಯ ಇಮೇಲಿಗೆ ವರ್ಗಾಯಿಸಿದ. ನಿಮ್ಮ ಸಂಘದ್ದು ಯಾರ ಹೆಸರಿನಲ್ಲಿದೆ, ಇವತ್ತೇ ನೋಡಿಕೊಳ್ಳಿ.

ಎಲ್ಲ ಮುಗಿದ ಮೇಲೂ ಹನ್ನೊಂದು ಸಾಲು ಉಳಿದವು. ಯಾವ ಪುಟಕ್ಕೆ, ಏಕೆ ಎಂದು ಯಾರಿಗೂ ತಿಳಿಯದು, ಹುಡುಗನಿಗೂ ಜ್ಞಾಪಕವಿಲ್ಲ. ಅಳಿಸದೆ, ‘ಗೊತ್ತಿಲ್ಲದ್ದು’ ಎಂಬ ಹೆಸರಿನ ಕಡತಕ್ಕೆ ಹಾಕಿ, ಕರೆಯದೆ ಬಿಟ್ಟಿದ್ದೇವೆ. ಯುಗಾದಿಯವರೆಗೆ ಯಾರೂ ಏನೂ ಕೆಟ್ಟಿದೆ ಎನ್ನದಿದ್ದರೆ ತೆಗೆದುಬಿಡುವುದೆಂದು ಮಂಡಳಿಯ ತೀರ್ಮಾನ, ಅದೂ ಮಿನಿಟ್ಸಿನಲ್ಲಿದೆ.

ಮುಂದಿನ ಕಂತಿನಲ್ಲಿ ಬ್ಯಾಕಪ್ಪಿನ ವಿಚಾರ. ಪ್ರಶ್ನೆಗಳಿದ್ದರೆ ಸಂಪಾದಕರ ಹೆಸರಿಗೆ ಬರೆಯಿರಿ, ಕಾಗದದ ಒಂದೇ ಮಗ್ಗುಲಲ್ಲಿ.